ಹದ್ದಿನ ಕಣ್ಣು ನಿಜಕ್ಕೂ ಎಂಟು ಪಟ್ಟು ಚುರುಕೇ?

ಪ್ರಶ್ನೆ:
ಹದ್ದಿನ ನೋಟ ನಮ್ಮದಕ್ಕಿಂತ ಎಂಟು ಪಟ್ಟು ಚುರುಕು ಅಂತ ಎಲ್ಲ ಕಡೆ ಬರೆದಿರುತ್ತೆ. ಇದು ಅಳೆದು ಹೇಳಿದ ಲೆಕ್ಕವೇ? ಇನ್ನೊಂದು, ದೂರದ್ದನ್ನು ನೋಡುವಾಗ ಅದು ಕತ್ತು ಓರೆ ಮಾಡಿ ಒಂದೇ ಕಣ್ಣಲ್ಲಿ ನೋಡೋದು ಯಾಕೆ?

ಉತ್ತರ 1:
ಎಂಟು ಪಟ್ಟು ಅಳತೆಗೆ ನಿಲ್ಲಲ್ಲ. 1985ರಲ್ಲಿ ಆಸ್ಟ್ರೇಲಿಯಾದ ವೆಡ್ಜ್-ಟೇಲ್ಡ್ ಈಗಲ್ ಎಂಬ ಹದ್ದಿಗೆ ಪಟ್ಟೆಗಳನ್ನು ತೋರಿಸಿ ಪರೀಕ್ಷಿಸಿದಾಗ ಸಿಕ್ಕಿದ್ದು ನೋಟದ ಒಂದು ಡಿಗ್ರಿ ಕೋನದಲ್ಲಿ ಸುಮಾರು 140 ಜೋಡಿ ಕಪ್ಪು-ಬಿಳಿ ಪಟ್ಟೆ. ಒಳ್ಳೆಯ ದೃಷ್ಟಿ ಇರುವ ಮನುಷ್ಯನಿಗೆ ಸುಮಾರು 60. ಅಂದರೆ ಸುಮಾರು 2.3 ಪಟ್ಟು ಅಷ್ಟೇ. ಒಂದು ಕಿಲೋಮೀಟರ್ ದೂರದಲ್ಲಿ ನಮಗೆ ಒಂದು ಜೋಡಿ ಪಟ್ಟೆ ಬೇರೆಯಾಗಿ ಕಾಣಲು ಅದು 29 ಸೆಂಟಿಮೀಟರ್ ಅಗಲ ಇರಬೇಕು, ಹದ್ದಿಗೆ 12-13 ಸಾಕು. ವಸ್ತು ದೊಡ್ಡದಾಗಿ ಕಾಣಲ್ಲ, ವಿವರ ಸಣ್ಣಗೆ ಬಿಡಿಸಿ ಕಾಣುತ್ತೆ. ಬೈನಾಕ್ಯುಲರ್‌ಗೆ ಹೋಲಿಸುವುದು ಇಲ್ಲೇ ದಾರಿ ತಪ್ಪಿಸುತ್ತೆ.

ಉತ್ತರ 2:
ಓರೆ ನೋಟಕ್ಕೆ ಕಾರಣ ಕಣ್ಣಿನ ಒಳಪರದೆಯಾದ ರೆಟಿನಾದಲ್ಲಿದೆ. ನಮ್ಮ ಕಣ್ಣಿಗೆ ಸ್ಪಷ್ಟ ನೋಟದ ಕುಳಿ ಒಂದೇ. ಹದ್ದು, ಗಿಡುಗಗಳಿಗೆ ಎರಡು. ಆಳವಾದ ಕುಳಿ ಅತಿ ಚುರುಕು, ಆದರೆ ಅದರ ದಿಕ್ಕು ಕೊಕ್ಕಿನ ನೇರದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ. ಇನ್ನೊಂದು ಆಳವಿಲ್ಲದ್ದು, ಹೆಚ್ಚು ಮುಂದಕ್ಕೆ ನೋಡುತ್ತೆ, ಹತ್ತಿರದ್ದಕ್ಕೆ. ಕಣ್ಣುಗುಡ್ಡೆ ತನ್ನ ಗೂಡಿನಲ್ಲಿ ಹೆಚ್ಚು ತಿರುಗದ ಕಾರಣ ತಲೆಯನ್ನೇ ತಿರುಗಿಸಬೇಕು.

ಉತ್ತರ 3:
ಒಂದು ಷರತ್ತು ಸೇರಿಸಲೇಬೇಕು: 140 ಅನ್ನೋದು ಕಣ್ಣು ಕುಕ್ಕುವ ಬೆಳಕಿನಲ್ಲಿ, ಗಾಢ ಕಪ್ಪು-ಬಿಳಿಗೆ. ಬೆಳಕು ಇಳಿದಂತೆ ಈಗಲ್‌ನ ಚುರುಕು ನಮ್ಮದಕ್ಕಿಂತ ಬೇಗ ಕುಸಿಯುತ್ತೆ. ಮಸುಕು ಬೂದಿನ ಮೇಲೆ ತುಸು ಗಾಢ ಬೂದು ಇದ್ದರೆ ಅದನ್ನು ಗುರುತಿಸುವುದರಲ್ಲಿ ಮನುಷ್ಯನೇ ಮೇಲು. ವೇಗದ ವಿಷಯದಲ್ಲಿ ಮಾತ್ರ ಗಿಡುಗ ಮುಂದೆ: ಪೆರೆಗ್ರಿನ್ ಫಾಲ್ಕನ್ ಸೆಕೆಂಡಿಗೆ 129 ಮಿನುಗುಗಳವರೆಗೂ ಬಿಡಿಬಿಡಿಯಾಗಿ ಕಾಣಬಲ್ಲದು, ನಮಗೆ 50-60ಕ್ಕೇ ಬೆಳಕು ಒಂದೇ ಸಮನೆ ಕಾಣಿಸುತ್ತೆ.

ಪ್ರಶ್ನೆ ಕೇಳಿದವರು:
ಇಷ್ಟೆಲ್ಲ ಇದ್ದೂ ರಣಹದ್ದುಗಳು ವಿದ್ಯುತ್ ತಂತಿಗೆ ಬಡಿಯೋದು ಯಾಕೆ?

ಉತ್ತರ 2:
ಅವುಗಳ ಹುಬ್ಬಿನ ಮೂಳೆ ಬಿಸಿಲಿಗೆ ಮರೆ, ಅದರ ಜೊತೆಗೆ ತಲೆಯ ಮೇಲ್ಭಾಗದಲ್ಲಿ ದೊಡ್ಡ ಕುರುಡು ಜಾಗವೂ ಇದೆ. ಕೆಳಗೆ ಹೆಣ ಹುಡುಕಲು ತಲೆ ಬಗ್ಗಿಸಿದರೆ ಆ ಕುರುಡು ಜಾಗ ಹಾರುವ ದಿಕ್ಕಿಗೇ ಬಂದು ನಿಲ್ಲುತ್ತೆ. ಎದುರಿನ ತಂತಿ ಕಣ್ಣಿಗೇ ಬೀಳಲ್ಲ. ಹಾಗಾಗಿ ತಂತಿಗೆ ಗುರುತು ತೂಗುಹಾಕಿದರಷ್ಟೇ ಸಾಲದು. ರಾಮನಗರದ ರಾಮದೇವರ ಬೆಟ್ಟದಂಥ ಗೂಡಿನ ಬಂಡೆಗಳಿಂದ ಲೈನನ್ನು ದೂರ ಎಳೆಯಬೇಕು, ಸತ್ತ ದನವನ್ನು ಲೈನಿನ ಕೆಳಗೆ ಹಾಕಲೇಬಾರದು.