ಪೊಟ್ಟಣದ ಹೆಸರು ಬೇರೆ, ಒಳಗಿನ ಯೀಸ್ಟ್ ಯಾರದ್ದು?

ಆಕ್ಲೆಂಡ್ ಅಣ್ಣ: ಈ ಪಟ್ಟಿ ನೋಡಿ. ಮನೆಯಲ್ಲಿ ಬಿಯರ್ ಮಾಡುವ ಗೆಳೆಯರು ಕಳಿಸಿದ್ದು. ಎಡಗಡೆ ಪೊಟ್ಟಣದ ಮೇಲಿನ ಹೆಸರು, ಬಲಗಡೆ ಒಳಗಿನ ಒಣ ಯೀಸ್ಟ್ ನಿಜವಾಗಿ ಯಾರದ್ದು ಅಂತ. ಹೆಸರು ಹತ್ತು, ಮಾಲು ಒಂದೇ. ಇನ್ನು ಮೇಲೆ ಅಗ್ಗದ್ದನ್ನೇ ತರುತ್ತೇನೆ.

ಶಿರಸಿ ದೊಡ್ಡಪ್ಪ: ಬಿಯರ್ ಮಾತು ಈ ಗುಂಪಿನಲ್ಲಿ ಬೇಕಾ? ಅಜ್ಜಿಯೂ ಓದುತ್ತಾರೆ.

ಆಕ್ಲೆಂಡ್ ಅಣ್ಣ: ನ್ಯೂಜಿಲೆಂಡಿನಲ್ಲಿ ಮನೆಬಳಕೆಗೆ ಮಾಡಿಕೊಳ್ಳಬಹುದು ದೊಡ್ಡಪ್ಪ. ಕಾನೂನೇ ಒಪ್ಪುತ್ತದೆ.

ಶಿರಸಿ ದೊಡ್ಡಪ್ಪ: ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಹುಡುಗರು ನೋಡುತ್ತಾರೆ, ಅದಕ್ಕೇ ಹೇಳಿದೆ.

ನಾನು: ಅದು ಸರಿ ದೊಡ್ಡಪ್ಪ. ಆದರೆ ಕಾರವಾರದಲ್ಲಿ ದಿನಾ ಬ್ರೆಡ್ ಮಾಡುವ ನನಗೂ ಈ ವಿಷಯ ಬೇಕು. ಅಣ್ಣ, ಪಟ್ಟಿ ಮಾಡಿದವರು ಹೇಗೆ ಗುರುತು ಹಿಡಿದರು?

ಆಕ್ಲೆಂಡ್ ಅಣ್ಣ: ಒಣ ಯೀಸ್ಟ್ ಮಾಡುವ ದೊಡ್ಡ ಕಾರ್ಖಾನೆಗಳೇ ಕೆಲವು. ಫ್ರಾನ್ಸಿನ ಲೆಸಾಫ್ರ್, ಅದರದ್ದೇ ಫರ್ಮೆಂಟಿಸ್. ಕೆನಡಾದ ಲಾಲೆಮಂಡ್. ಆಮೇಲೆ ಎಬಿ ಮೌರಿ. ಉಳಿದ ಎಷ್ಟೋ ಜನ ಅವರಿಂದ ಕೊಂಡು ತಮ್ಮ ಹೆಸರಲ್ಲಿ ತುಂಬುತ್ತಾರೆ. ಪೊಟ್ಟಣದ ತೂಕ, ಹುದುಗಲು ಹೇಳಿದ ಉಷ್ಣಾಂಶ, ಯೀಸ್ಟ್ ತಳ ಕೂರುವ ರೀತಿ ತಾಳೆ ಹಾಕಿದರೆ ಗೊತ್ತಾಗುತ್ತದೆ.

ನಾನು: ಗೊತ್ತಾಗುವುದಿಲ್ಲ ಅಣ್ಣ. ಅವೆಲ್ಲ ಬರೀ ಸುಳಿವು. ಫರ್ಮೆಂಟಿಸ್ ಪೊಟ್ಟಣ 11.5 ಗ್ರಾಂ, ಲಾಲೆಮಂಡ್ 11 ಗ್ರಾಂ. ದೊಡ್ಡ ಚೀಲ ಕೊಂಡವನು 10 ಗ್ರಾಂ ತುಂಬಿದರೆ ತೂಕ ಏನು ಹೇಳೀತು? ಉಷ್ಣಾಂಶವೂ ಅಷ್ಟೇ. ಫರ್ಮೆಂಟಿಸ್‌ನ ಎಸ್-04, ಯುಎಸ್-05 ಅನ್ನುವ ಬಿಯರ್ ಯೀಸ್ಟ್ ಎರಡಕ್ಕೂ ಹೇಳಿರುವುದು 18ರಿಂದ 26 ಡಿಗ್ರಿ. ಆದರೆ ಒಂದು ಇಂಗ್ಲಿಷ್ ಯೀಸ್ಟ್, ಬೇಗ ತಳ ಕೂರುತ್ತದೆ. ಇನ್ನೊಂದು ಅಮೆರಿಕದ್ದು, ನಿಧಾನ. ಕಂಪನಿ ಒಂದೇ, ಅಂಕಿಯೂ ಒಂದೇ, ಯೀಸ್ಟ್ ಬೇರೆ.

ಆಕ್ಲೆಂಡ್ ಅಣ್ಣ: ಹಾಗಾದರೆ ಯುಎಸ್-05, ಬೇರೆ ಕಂಪನಿಗಳ ವೈಟ್ ಲ್ಯಾಬ್ಸ್ 001, ವೈಯೀಸ್ಟ್ 1056 ಮೂರೂ ಒಂದೇ ಅಂತ ಎಲ್ಲರೂ ಹೇಳುವುದು ಸುಳ್ಳಾ?

ನಾನು: ಮೂರನ್ನೂ ಅಮೆರಿಕದ ಬಿಯರ್ ಕಂಪನಿ ಸಿಯೆರಾ ನೆವಾಡಾದ ಚಿಕೋ ಯೀಸ್ಟಿನ ಕುಟುಂಬಕ್ಕೇ ಸೇರಿಸುತ್ತಾರೆ. ಆದರೆ ಒಂದೇ ಮನೆಯವರು ಅಂದರೆ ಒಂದೇ ಮನುಷ್ಯ ಅಲ್ವಲ್ಲ! ಬೇರೆ ಬೇರೆ ಕಡೆ ವರ್ಷಗಟ್ಟಲೆ ಬೆಳೆಸಿದರೆ ಯೀಸ್ಟ್ ಸ್ವಲ್ಪ ಸ್ವಲ್ಪವೇ ಬದಲಾಗುತ್ತದೆ. ನಂಟು ತಿಳಿಯಲು ಜೀನ್ ಓದಬೇಕು. 2016ರಲ್ಲಿ ಬೆಲ್ಜಿಯಂನವರು 157 ಯೀಸ್ಟ್‌ಗಳ ಜೀನೋಮ್ ಓದಿ ಯಾವುದು ಯಾವುದಕ್ಕೆ ಹತ್ತಿರ ಅಂತ ತೋರಿಸಿದರು. ಪೊಟ್ಟಣ ತಾಳೆ ಹಾಕಿ ಅಷ್ಟು ಹೇಳಲಾಗದು.

ಶಿರಸಿ ದೊಡ್ಡಪ್ಪ: ಇದು ನಮ್ಮ ಅಡಿಕೆ ಕತೆಯೇ ಆಯ್ತು. ಶಿರಸಿ ಅಡಿಕೆಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಗುರುತು ಬಂತು. ಆದರೆ ಚೀಲದ ಮೇಲೆ ಶಿರಸಿ ಅಂತ ಇದ್ದ ಮಾತ್ರಕ್ಕೆ ಒಳಗಿನದು ಶಿರಸಿಯದ್ದು ಆಗುವುದಿಲ್ಲ. ಚಾಲಿಯನ್ನು, ಅಂದರೆ ಒಣಗಿಸಿದ ಅಡಿಕೆಯನ್ನು, ಒಡೆದೇ ನೋಡಬೇಕು.

ಕುಮಟಾ ಅತ್ತೆ: ನನ್ನ ಕಷ್ಟ ಕೇಳಿ. ಹೋದ ಮಳೆಗಾಲ ಇಲ್ಲಿಯ ಅಂಗಡಿಯಲ್ಲಿ ಚಿಕ್ಕ ಕವರಿನ ಯೀಸ್ಟ್ ತಂದೆ. ಹೆಸರಿಲ್ಲ, ತಾರೀಕಿಲ್ಲ. ಎರಡು ಕೆಜಿ ಮೈದಾ ಕಲ್ಲಾಗಿ ಕೂತಿತು. ನನ್ನ ಕೈ ಗುಣ ಅಂದುಕೊಂಡು ಸುಮ್ನಿದ್ದೆ.

ನಾನು: ಕೈ ಗುಣ ಅಲ್ಲ ಅತ್ತೆ! ನನಗೆ ಸಿಟ್ಟು ಬರುವುದು ಇಲ್ಲೇ. ಗಾಳಿ ತೆಗೆದ ಪ್ಯಾಕ್ ಒಡೆದು ಚಿಕ್ಕ ಕವರಿಗೆ ತುಂಬಿದ ಕೂಡಲೇ ಯೀಸ್ಟಿಗೆ ಗಾಳಿ, ತೇವ ಎರಡೂ ತಾಗುತ್ತವೆ. ನಮ್ಮ ಕರಾವಳಿಯ ಜುಲೈ ತಿಂಗಳು ಹೇಗಿರುತ್ತದೆ ಗೊತ್ತಲ್ಲ, ಉಪ್ಪೇ ನೀರಾಗುತ್ತದೆ. ಒಡೆದ ಪೊಟ್ಟಣವನ್ನು ಮುಚ್ಚಿ 4 ಡಿಗ್ರಿಯಲ್ಲಿಟ್ಟು 7 ದಿನದೊಳಗೆ ಮುಗಿಸಿ ಅಂತ ಫರ್ಮೆಂಟಿಸ್‌ನವರೇ ಬರೆಯುತ್ತಾರೆ. ಅಂಗಡಿ ಕವರ್ ಎಷ್ಟು ದಿನ ನೇತಾಡಿತ್ತೋ! ಅಣ್ಣ, ನಿನ್ನ ಪಟ್ಟಿ ಪೂರ್ತಿ ಸರಿ ಇದ್ದರೂ ಅದರಲ್ಲಿ ಇದು ಸಿಗುವುದಿಲ್ಲ. ಯಾರದ್ದು ಅನ್ನುವಷ್ಟೇ ಮುಖ್ಯ, ಯಾವಾಗ ಒಡೆದರು, ಎಲ್ಲಿ ಇಟ್ಟಿದ್ದರು ಅನ್ನುವುದು. ಮರುಪ್ಯಾಕ್ ಮಾಡಿದಾಗ ಮೊದಲು ಕಳೆದುಹೋಗುವುದು ಬ್ಯಾಚ್ ನಂಬರೇ.

ಆಕ್ಲೆಂಡ್ ಅಣ್ಣ: ಇದು ಒಪ್ಪುವ ಮಾತು. ಆದರೂ ಪಟ್ಟಿ ಬಿಸಾಡುವುದಿಲ್ಲ. ಬಿಯರಿಗೆ ಮಾಡಿದ ಒಂದೇ ಹದದ ಮಾಲ್ಟ್ ರಸವನ್ನು ಎರಡು ಜಾಡಿಗೆ ಸಮ ಹಾಕಿ, ಒಂದಕ್ಕೆ ಅಗ್ಗದ್ದು, ಒಂದಕ್ಕೆ ಮೂಲದ್ದು ಹಾಕಿ ನೋಡುತ್ತೇನೆ.

ನಾನು: ಹಾಗೆ ಮಾಡು. ಎರಡೂ ಜಾಡಿ ಒಂದೇ ಕೋಣೆಯಲ್ಲಿರಲಿ. ರುಚಿ ನೋಡುವವರಿಗೆ ಯಾವುದು ಯಾವುದು ಅಂತ ಹೇಳಬೇಡ.

ಕುಮಟಾ ಅತ್ತೆ: ನನ್ನ ಡಬ್ಬಿಯಲ್ಲಿ ಅದೇ ಯೀಸ್ಟ್ ಇನ್ನೂ ಇದೆ. ಏನು ಮಾಡಲಿ?

ನಾನು: ಉಗುರುಬೆಚ್ಚಗಿನ ನೀರು, ಒಂದು ಚಮಚ ಸಕ್ಕರೆ, ಅದರ ಮೇಲೆ ಯೀಸ್ಟ್. ಕಾಲು ಗಂಟೆ ಬಿಡಿ. ನೊರೆ ಬರಬೇಕು.

ಕುಮಟಾ ಅತ್ತೆ: ಅರ್ಧ ಗಂಟೆ ಆಯ್ತು. ಒಂದು ಗುಳ್ಳೆಯೂ ಇಲ್ಲ. ಚೆಲ್ಲಿದೆ. ನೀನು ತರಿಸುವಾಗ ನನಗೂ ಒಂದು ಸೀಲ್ ಪ್ಯಾಕ್ ತರಿಸು, ತಾರೀಕು ನೋಡಿ.