ವೇಕ್‌ಬೋರ್ಡ್ ಬೋಟಿಗೆ ಹೆಚ್ಚಿನ ಬ್ಯಾಲಸ್ಟ್: ಎಷ್ಟು ನೀರು, ಯಾವ ಪಂಪು, ಎಲ್ಲಿ ಎಡವಟ್ಟಾಗುತ್ತೆ?

ಆಸ್ಟಿನ್‌ನಿಂದ, ಪ್ರಶ್ನೆ

ನಮಸ್ಕಾರ ಎಲ್ಲರಿಗೂ. ಬೋಟಿನ ಹಿಂದೆ ಹಗ್ಗ ಹಿಡಿದು ಹಲಗೆ ಮೇಲೆ ಹಾರೋ ವೇಕ್‌ಬೋರ್ಡಿಗೆ ಅಲೆ ದೊಡ್ಡದಾಗಲಿ ಅಂತ ಬ್ಯಾಲಸ್ಟ್, ಅಂದರೆ ಬೋಟಿನೊಳಗೆ ತುಂಬೋ ನೀರಿನ ಭಾರ, ಹೆಚ್ಚಿಸಬೇಕು. 2006ರ ಮಾಡೆಲ್, 21 ಅಡಿ ವಿ-ಡ್ರೈವ್ (ಎಂಜಿನ್ ಹಿಂಭಾಗದಲ್ಲಿರೋ) ಬೋಟು. ಕಂಪನಿಯಿಂದ ಬಂದ ಮೂರು ನೀರಿನ ಬ್ಯಾಗ್ ಸೇರಿ 900 ಪೌಂಡ್, ಮೂರಕ್ಕೂ ಒಂದೇ ಪಂಪು. ಅವನ್ನು ತೆಗೆದು ಹಿಂದೆ 1,100 ಪೌಂಡಿನ ಎರಡು, ಮೂತಿಗೆ 650ರ ಒಂದು ಹಾಕೋಣ ಅಂತಿದ್ದೇನೆ. ಬೋಟು ಎಷ್ಟು ಭಾರ ಹೊರಬಹುದು ಅಂತ ಬರೆದಿರೋ ಕೆಪಾಸಿಟಿ ಪ್ಲೇಟಿನಲ್ಲಿ 2,400 ಪೌಂಡ್ ಅಂತಿದೆ. ಈಗಲೇ ತುಂಬೋಕೆ ಬಹಳ ಹೊತ್ತು ಹಿಡಿಯುತ್ತೆ, ಖಾಲಿ ಮಾಡುವಾಗ ಕೊನೆಯ ಒಂದಷ್ಟು ನೀರು ಬರೋದೇ ಇಲ್ಲ. ಓಡಿಸೋದು ಲೇಕ್ ಟ್ರಾವಿಸ್‌ನಲ್ಲಿ. ಪಂಪು, ಪೈಪು, ವೈರಿಂಗ್ ಯಾವುದಾದರೂ ಸರಿ, ಗೊತ್ತಿದ್ದವರು ಹೇಳಿ.

ಡಲ್ಲಾಸ್‌ನಿಂದ

ಮೊದಲು ಲೆಕ್ಕ. 2,850 ಪೌಂಡ್ ನೀರು ಅಂದರೆ ಒಬ್ಬರೂ ಹತ್ತುವ ಮೊದಲೇ ಪ್ಲೇಟು ದಾಟಿತು. ಅಮೆರಿಕದ ಕಾನೂನಿನಲ್ಲಿ ಈ ಪ್ಲೇಟು ಕಡ್ಡಾಯ ಇರೋದು 20 ಅಡಿಗಿಂತ ಚಿಕ್ಕ ಬೋಟಿಗೆ ಮಾತ್ರ. ಹಾಗಂತ ನಿಮ್ಮದರ ಮೇಲಿರೋ ಅಂಕಿ ಅಲಂಕಾರಕ್ಕಲ್ಲ. ಹಿಂದೆ 750ರ ಎರಡು, ಮುಂದೆ 400ರ ಒಂದು, ಒಟ್ಟು 1,900 ಸಾಕು. ಮೂವರು ಮತ್ತು ಸಾಮಾನು 500 ಪೌಂಡ್ ಹಿಡಿದರೆ ಸರಿಯಾಗಿ 2,400. ಎಂಟು ಜನ ಹತ್ತಿದ ದಿನ ಅವರದ್ದೇ 1,300 ಆಗುತ್ತೆ, ಆಗ ನೀರು 1,100ಕ್ಕೆ ಇಳಿಸಿ. ಜನ ಅಂದರೆ ಓಡಾಡುವ ಬ್ಯಾಲಸ್ಟ್ ಅಷ್ಟೇ.

ಭಾರ ಎಲ್ಲಿದೆ ಅನ್ನೋದರ ಮೇಲೆ ಅಲೆಯ ಆಕಾರ ನಿಂತಿದೆ. ಹಿಂದೆ ಮಾತ್ರ ತುಂಬಿದರೆ ಅಲೆ ಗಿಡ್ಡ, ಕಡಿದಾಗಿರುತ್ತೆ. ಮೂತಿ ಮೇಲೆದ್ದು ಚಾಲಕನಿಗೆ ಮುಂದಿನದು ಕಾಣಲ್ಲ. ಮುಂದೆ ಭಾರ ಸೇರಿಸಿದಂತೆ ಅಲೆ ಉದ್ದವಾಗಿ, ಇಳಿಜಾರು ನಯವಾಗುತ್ತೆ. ವೇಕ್‌ಬೋರ್ಡಿಗೆ ಎಡಬಲ ಸಮ ಇರಲಿ. ಒಂದು ಬದಿಯ ತುದಿ ನೊರೆಯಾಗಿ ಒಡೆಯುತ್ತಿದ್ದರೆ ಬೋಟು ವಾಲಿದೆ ಅಂತ ಅರ್ಥ. ಇನ್ನಷ್ಟು ನೀರು ಹಾಕಬೇಡಿ, ಕೂತವರನ್ನು ಸರಿಸಿ. ವೇಕ್‌ಸರ್ಫಿಂಗ್‌ಗೆ (ಹಗ್ಗ ಬಿಟ್ಟು ಬೋಟಿನ ಅಲೆಯ ಮೇಲೇ ಜಾರೋ ಆಟ) ಮಾತ್ರ ಬೇಕಂತಲೇ ಒಂದು ಬದಿಗೆ ಹೆಚ್ಚು ಹಾಕೋದು, ವೇಗ ಗಂಟೆಗೆ 10-11 ಮೈಲಿ.

ಹ್ಯೂಸ್ಟನ್‌ನಿಂದ

ಮಾರಾಯ್ರೆ, ಬ್ಯಾಗ್ ದುಡ್ಡು ಕೊಟ್ಟರೆ ಸಿಗ್ತದೆ, ಕಷ್ಟ ಇರುವುದು ಪೈಪಿನಲ್ಲಿ. ಒಂದು ಗ್ಯಾಲನ್ ನೀರು 8.34 ಪೌಂಡ್. 750ರ ಬ್ಯಾಗ್ ಅಂದರೆ 90 ಗ್ಯಾಲನ್, ಮೂರೂ ಸೇರಿ 228. ಒಂದೇ ಪಂಪು ನಿಮಿಷಕ್ಕೆ 10 ಗ್ಯಾಲನ್ ಎತ್ತಿದರೂ 23 ನಿಮಿಷ. ಬ್ಯಾಗಿಗೊಂದು ಪಂಪು ಹಾಕಿದರೆ 9 ನಿಮಿಷದ ಕೆಲಸ.

ಪಂಪಿನಲ್ಲಿ ಎರಡು ಜಾತಿ. ಇಂಪೆಲ್ಲರ್ ಪಂಪು ರಬ್ಬರ್ ರೆಕ್ಕೆಯದು: ತಾನೇ ನೀರೆಳೆದುಕೊಳ್ತದೆ, ಉಲ್ಟಾನೂ ತಿರುಗ್ತದೆ, ಹಾಗಾಗಿ ತುಂಬಲು, ಖಾಲಿ ಮಾಡಲು ಅದೊಂದೇ ಸಾಕು. ನಿಂತಾಗ ರೆಕ್ಕೆಗಳೇ ದಾರಿ ಮುಚ್ಚುವುದರಿಂದ ಬ್ಯಾಗಿನ ನೀರು ಸುಮ್ಮನೆ ಸೋರುವುದಿಲ್ಲ. ಆದರೆ ಗದ್ದಲ ಜಾಸ್ತಿ, ಕರೆಂಟು ಜಾಸ್ತಿ, ನೀರಿಲ್ಲದೆ ಅರ್ಧ ನಿಮಿಷದ ಮೇಲೆ ಓಡಿಸಿದರೆ ರೆಕ್ಕೆ ಸುಟ್ಟು ಹರೀತದೆ.

ಏರೇಟರ್ ಪಂಪು ಅಗ್ಗ, ಒಣಗಿ ಓಡಿದರೂ ಬೇಗ ಸಾಯುವುದಿಲ್ಲ. ಆದರೆ ತಾನಾಗಿ ನೀರೆಳೆಯಲಾರದು. ನೀರಿನ ಮಟ್ಟಕ್ಕಿಂತ ಕೆಳಗೇ ಕೂರಬೇಕು, ಹೊರಬಾಯಿ ಮೇಲ್ಮುಖ ಇರಬೇಕು. ಇಲ್ಲವಾದರೆ ಒಳಗೆ ಗಾಳಿ ಕಟ್ಟಿ ಸುಮ್ಮನೆ ಗುಂಯ್ ಅಂತದೆ, ನೀರಿಲ್ಲ. ತುಂಬಲೊಂದು, ಖಾಲಿಗೊಂದು ಬೇಕು, ಮೂರು ಬ್ಯಾಗಿಗೆ ಆರು. ನಿಂತಾಗ ದಾರಿ ತೆರೆದೇ ಇರ್ತದೆ: ಬೋಟು ಓಡುವಾಗ ಮುಂದಕ್ಕೆ ಮುಖ ಮಾಡಿದ ಬಾಯಿಯಿಂದ ನೀರು ತಾನಾಗಿ ನುಗ್ಗಿ ಬ್ಯಾಗ್ ತುಂಬಿಬಿಡಬಹುದು, ಖಾಲಿ ಮಾಡುವ ಬದಿಯಲ್ಲಿ ಸೈಫನ್ ಆಗಿ (ಪಂಪಿಲ್ಲದೆ ಪೈಪು ತಾನೇ ನೀರೆಳೆದುಕೊಂಡು) ಹರಿದೂ ಹೋಗಬಹುದು. ಅದಕ್ಕೆ ಒಳಬಾಯಿಗೆ ಬಾಲ್ ವಾಲ್ವ್ (ತಿರುಗಿಸಿ ಮುಚ್ಚುವ ನಲ್ಲಿ), ಹೊರಪೈಪಿಗೆ ಎತ್ತರದಲ್ಲೊಂದು ಬಳಸು ಮತ್ತು ಸೈಫನ್ ಮುರಿಯುವ ವಾಲ್ವ್ ಹಾಕಬೇಕು. ನಿಮ್ಮ ಬೋಟಿಗೆ ನನ್ನ ಓಟು ಮೂರು ಇಂಪೆಲ್ಲರಿಗೆ, ಬೋಟಿಗೆ ಕೊರೆಯುವ ಹೊಸ ತೂತು ಕಡಿಮೆ.

ಈಗ ನಿಮ್ಮ ಉಳಿಯುವ ನೀರು. ಕಳ್ಳ ಇರುವುದು ವೆಂಟ್ ಪೈಪಿನಲ್ಲಿ, ಅಂದರೆ ತುಂಬುವಾಗ ಬ್ಯಾಗಿನ ಗಾಳಿ ಹೊರಗೆ ಹೋಗುವ ಪೈಪಿನಲ್ಲಿ. ಖಾಲಿ ಮಾಡುವಾಗ ವೆಂಟಿನಿಂದ ಗಾಳಿ ಒಳಗೆ ಬಂದರೆ ಪಂಪು ನೀರಿನ ಬದಲು ಗಾಳಿಯನ್ನೇ ಎಳೀತದೆ, ರೆಕ್ಕೆಯೂ ಹಾಳು. ವೆಂಟಿಗೆ ಒಂದು ಚೆಕ್ ವಾಲ್ವ್ ಹಾಕಿ. ಗಾಳಿ, ನೀರು ಹೊರಗೆ ಹೋಗಲಿ, ಒಳಗೆ ಬರಬಾರದು. ಆಗ ಬ್ಯಾಗ್ ಹಿಂಡಿದ ಬಟ್ಟೆಯ ಹಾಗೆ ಚಪ್ಪಟೆಯಾಗಿ ಪೂರ್ತಿ ಖಾಲಿಯಾಗ್ತದೆ. ಬಿಗಿ ಸ್ಪ್ರಿಂಗಿನದು ಬೇಡ, ಹಗುರ ಮುಚ್ಚಳದ್ದು ಇರಲಿ. ಇನ್ನೊಂದು, ನೀರೆಳೆಯುವ ಬಾಯಿ ಬ್ಯಾಗಿನ ತೀರಾ ಕೆಳಗಿನ ಮೂಲೆಯಲ್ಲಿರಬೇಕು. ಮೇಲಿನ ಮೂಲೆಗಳನ್ನು ಎಲಾಸ್ಟಿಕ್ ಹಗ್ಗದಿಂದ ಎತ್ತಿ ಕಟ್ಟಿದರೆ ಬಟ್ಟೆ ಮಡಿಚಿ ಬಾಯಿಗೆ ಅಂಟುವುದಿಲ್ಲ.

ವೆಂಟಿನ ಹೊರತೂತು ಬದಿಯಲ್ಲಿ ಎತ್ತರಕ್ಕೆ, ರಬ್ ರೈಲಿನ (ಬೋಟಿನ ಸುತ್ತಲಿನ ಅಂಚುಪಟ್ಟಿಯ) ಕೆಳಗೆ. ಅಲ್ಲಿಂದ ನೀರು ಚಿಮ್ಮಿದರೆ ಬ್ಯಾಗ್ ತುಂಬಿತು ಅಂತ, ಕೂಡಲೇ ಸ್ವಿಚ್ ಆಫ್. ವೆಂಟ್ ಮುಚ್ಚಿಕೊಂಡಿದ್ದರೆ ಇಂಪೆಲ್ಲರಿನ ಒತ್ತಡಕ್ಕೆ ಲಾಕರಿನ ಮುಚ್ಚಳ ಏಳ್ತದೆ, ಬ್ಯಾಗಿನ ಹೊಲಿಗೆಯೂ ಬಿಡಬಹುದು. ಪೈಪು 1 ಇಂಚಿನದು, ಒಳಗೆ ತಂತಿ ಇರುವುದೇ ತಗೊಳ್ಳಿ. ಸಾದಾ ಪೈಪು ಎಳೆತಕ್ಕೆ ಚಪ್ಪಟೆಯಾಗಿ ನೀರೇ ನಿಂತುಹೋಗ್ತದೆ.

ಅಟ್ಲಾಂಟಾದಿಂದ

ನೀರೆಳೆಯೋಕೆ ಬೋಟಿನ ತಳದಲ್ಲಿ ಹಾಕೋ ತೂತಿನ ವಿಷಯ, ಕೈ ನಡುಗೋದು ಇಲ್ಲೇ. ಒಳಗಿನಿಂದ ಚಿಕ್ಕ ಪೈಲಟ್ ತೂತು ಹಾಕಿ, ಹೊರಗೆ ಬಂದು ನೋಡಿ: ಟ್ರೈಲರಿನ ಬಂಕಿಗೆ (ಬೋಟು ಕೂರೋ ಹಲಗೆಗೆ) ತಾಗುತ್ತಾ, ಎಂಜಿನ್ನಿಗೆ ನೀರೆಳೆಯುವ ಬಾಯಿಯ ನೇರ ಮುಂದಿದೆಯಾ? ಹಾಗಿದ್ದರೆ ಜಾಗ ಬದಲಿಸಿ. ಹೊರಗಡೆ ಟೇಪ್ ಅಂಟಿಸಿ, ಹೋಲ್‌ಸಾ (ದುಂಡು ಗರಗಸ) ಅನ್ನು ಮೊದಲು ಉಲ್ಟಾ ತಿರುಗಿಸಿ ಜೆಲ್‌ಕೋಟ್ (ಹೊರಗಿನ ಹೊಳಪಿನ ಪದರ) ದಾಟಿಸಿ, ಆಮೇಲೆ ಸರಿದಿಕ್ಕಿಗೆ. ಜೆಲ್‌ಕೋಟ್ ಚಕ್ಕೆ ಏಳಲ್ಲ. ಫೈಬರ್ ಪದರಗಳ ನಡುವೆ ಮರ ಕಂಡರೆ ಅದರ ಅಂಚಿಗೆ ಎಪಾಕ್ಸಿ ಬಳಿದು ಒಣಗಿಸಲೇಬೇಕು, ಇಲ್ಲದಿದ್ದರೆ ನೀರು ಕುಡಿದು ಕೊಳೆಯುತ್ತೆ. ತೂತಿಗೆ ಕೂರಿಸೋ ಥ್ರೂ-ಹಲ್ ಕೊಳವೆ ಕಂಚಿನದು ಇಲ್ಲವೇ ಸ್ಟೇನ್‌ಲೆಸ್. ಸೀಲಂಟ್ 3ಎಂ 4200. 5200 ಹಾಕಿದರೆ ಮುಂದೆ ಬಿಚ್ಚುವವರು ನಿಮ್ಮನ್ನು ಬೈಕೊಳ್ತಾರೆ. ಸಿಲಿಕಾನ್ ಬೇಡವೇ ಬೇಡ. ನೀರಿನ ಮಟ್ಟದ ಕೆಳಗೆ ಪ್ರತಿ ಜೋಡಣೆಗೂ ಎರಡೆರಡು ಸ್ಟೇನ್‌ಲೆಸ್ ಕ್ಲ್ಯಾಂಪ್.

ಆಸ್ಟಿನ್‌ನಿಂದ

ತುಂಬಾ ಥ್ಯಾಂಕ್ಸ್. 750 + 750 + 400, ಮೂರು ಇಂಪೆಲ್ಲರ್ ಅಂತ ತೀರ್ಮಾನಿಸಿದೆ. ಹಳೇ ಪಂಪಿನ ವೈರು, ಸ್ವಿಚ್ಚೇ ಬಳಸಬಹುದಾ? ನೀರಿನ ಬದಲು ಸೀಸದ ಚೀಲ ಹಾಕಿ ಅಂತ ಒಬ್ಬರು ಹೇಳಿದರು, ಅದು ಹೇಗೆ?

ಫೀನಿಕ್ಸ್‌ನಿಂದ

ಬೇಡ ಸರ್, ಹೊಸದೇ ಎಳೆಯಿರಿ. ಒಂದೊಂದು ಪಂಪು 15-20 ಆಂಪ್ ಎಳೆಯುತ್ತೆ. ಬ್ಯಾಟರಿಯಿಂದ ಪಂಪಿಗೆ 15 ಅಡಿ ಇದ್ದರೆ ಹೋಗಿ ಬರೋದು 30 ಅಡಿ. 10 ಗೇಜಿನ ವೈರಿನಲ್ಲಿ 20 ಆಂಪಿಗೆ 0.6 ವೋಲ್ಟ್ ನಷ್ಟ, ಪರವಾಗಿಲ್ಲ. ಇನ್ನೂ ತೆಳ್ಳನೆಯ 14 ಗೇಜಾದರೆ ಒಂದೂವರೆ ವೋಲ್ಟ್ ದಾರಿಯಲ್ಲೇ ಖರ್ಚು; ಪಂಪು ನಿಧಾನ, ವೈರು ಬಿಸಿ. ತವರ ಲೇಪಿಸಿದ ಮರೈನ್ ವೈರೇ ಇರಲಿ. ಪ್ರತಿ ಪಂಪಿಗೆ ಬೇರೆ ಫ್ಯೂಸು, ಪಂಪಿನ ಮೇಲೆ ಬರೆದಿರುವ ಆಂಪಿನದೇ; ಮುಖ್ಯ ಫ್ಯೂಸು ಬ್ಯಾಟರಿಯಿಂದ 7 ಇಂಚಿನೊಳಗೆ. ಡ್ಯಾಶಿನ ಸ್ವಿಚ್ಚಿಗೆ ಪೂರ್ತಿ ಕರೆಂಟು ಕೊಡಬೇಡಿ, ಕಾಂಟ್ಯಾಕ್ಟ್ ಕರಗುತ್ತೆ. ದಿಕ್ಕು ಬದಲಿಸುವ ಜೋಡಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸೋ ಸ್ವಿಚ್ಚು) ಇಟ್ಟು ಸ್ವಿಚ್ಚಿನಿಂದ ಅದನ್ನಷ್ಟೇ ಎಳೆಸಿ. ಮೂರೂ ಪಂಪು ಒಟ್ಟಿಗೆ ಓಡಿಸುವಾಗ ಎಂಜಿನ್ ಆನ್ ಇರಲಿ.

ಇದನ್ನು ಮಾತ್ರ ಮರೆಯಬೇಡಿ: ಪಂಪು ಇಗ್ನಿಷನ್ ಪ್ರೊಟೆಕ್ಟೆಡ್ (ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದಂಥದ್ದು) ಇರಬೇಕು. ಪೆಟ್ರೋಲ್ ಆವಿ ಕೂರುವ ಎಂಜಿನ್ ಜಾಗದಲ್ಲಿ ಸಾದಾ ಮೋಟರಿನ ಒಂದು ಕಿಡಿ ಸಾಕು.

ಸೀಸದ ವಿಷಯ: ಜಾಗ ಕಡಿಮೆ ತಗೊಳ್ಳುತ್ತೆ ನಿಜ. ಆದರೆ ಬೋಟು ನೀರು ನುಂಗಿದರೆ ಬ್ಯಾಗಿನ ನೀರು ನೀರಿನೊಳಗೆ ಭಾರವಾಗಲ್ಲ, ಸೀಸ ಮಾತ್ರ ಕೆಳಗೆಳೆಯುತ್ತೆ. ಖಾಲಿ ಮಾಡೋಕೂ ಆಗಲ್ಲ, ಟ್ರೈಲರಿನ ಮೇಲೂ ಅಷ್ಟೇ ಭಾರ. ಸಮತೋಲ ಸರಿಮಾಡೋಕೆ 50 ಪೌಂಡಿನ ಒಂದೆರಡು ಚೀಲ ಸಾಕು.

ಮಿನಿಯಾಪೊಲಿಸ್‌ನಿಂದ

ಎರಡು ಸೇರಿಸ್ತೀನಿ. ಸಾವಿರ ಪೌಂಡ್ ಹೆಚ್ಚಾದ ಮೇಲೆ ಬೋಟು ನೀರಿನ ಮೇಲೆದ್ದು ಓಡೋಕೆ ತಿಣುಕಿದರೆ ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೊತ್ತುವ ದೂರ) ಇಳಿಸಬೇಕು. 1 ಇಂಚು ಇಳಿಸಿದರೆ ಸುಮಾರು 150-200 ಆರ್‌ಪಿಎಂ ಏರುತ್ತೆ. ಖಾಲಿ ಬೋಟಿನಲ್ಲಿ ಫುಲ್ ಥ್ರಾಟಲ್ ಕೊಟ್ಟಾಗ ಎಂಜಿನ್ ಕಂಪನಿಯ ಮಿತಿ ದಾಟದಷ್ಟು ಮಾತ್ರ.

ಇನ್ನೊಂದು ಜೀಬ್ರಾ ಮಸಲ್. ಈ ಪುಟ್ಟ ಚಿಪ್ಪು ಲೇಕ್ ಟ್ರಾವಿಸ್‌ನಲ್ಲಿ 2017ರಲ್ಲೇ ಸಿಕ್ಕಿದೆ. ಮರಿಗಳು ಕಣ್ಣಿಗೆ ಕಾಣಲ್ಲ, ಬ್ಯಾಗಿನಲ್ಲಿ ಉಳಿದ ನೀರಿನಲ್ಲೇ ಬೇರೆ ಕೆರೆಗೆ ಹೋಗುತ್ತವೆ. ಟೆಕ್ಸಸ್‌ನಲ್ಲಿ ಕೆರೆ ಬಿಡುವಾಗ ಬ್ಯಾಲಸ್ಟ್ ಸಮೇತ ನೀರೆಲ್ಲ ಬಸಿಯೋದು ಕಾನೂನು. ಮೇಲಿನವರು ಹೇಳಿದ ಚೆಕ್ ವಾಲ್ವ್ ಇದಕ್ಕೂ ಬೇಕೇ ಬೇಕು. ಚಳಿಗಾಲಕ್ಕೆ ಮೊದಲು ಪಂಪಿನ ಮುಚ್ಚಳ ಬಿಚ್ಚಿ ಇಂಪೆಲ್ಲರ್ ಹೊರಗಿಡಿ. ಮಡಚಿಕೊಂಡೇ ತಿಂಗಳುಗಟ್ಟಲೆ ಕೂತರೆ ರೆಕ್ಕೆ ಹಾಗೇ ಬಾಗಿಬಿಡುತ್ತೆ. ಮತ್ತೆ ಕೂರಿಸುವಾಗ ಗ್ರೀಸ್ ಬೇಡ, ಪಾತ್ರೆ ತೊಳೆಯೋ ಸೋಪಿನ ನೀರು ಸವರಿ, ಜಾರಿಕೊಂಡು ಹೋಗುತ್ತೆ. ಒಂದು ಬಿಡಿ ಇಂಪೆಲ್ಲರ್, ಮುಚ್ಚಳದ ಒಂದು ಓ-ರಿಂಗ್, ಒಂದು ಸ್ಕ್ರೂಡ್ರೈವರ್ ಬೋಟಿನಲ್ಲೇ ಇರಲಿ.