ಆಲ್ಪ್ ದ್ಯುಯೆಜ್‌ನಲ್ಲಿ ಟೂರ್ ದ ಫ್ರಾನ್ಸ್: ಅಪ್ಪನ ಜೊತೆ ಎಲ್ಲಿ ನಿಲ್ಲಲಿ?

ಪ್ರಶ್ನೆ: ನಾನಿರುವುದು ಮ್ಯೂನಿಕ್‌ನಲ್ಲಿ. ಧಾರವಾಡದಲ್ಲಿರುವ ಅಪ್ಪನಿಗೆ ಈ ಸೈಕಲ್ ರೇಸ್ ಅಂದರೆ ಪ್ರಾಣ. ಒಮ್ಮೆ ಫ್ರಾನ್ಸಿನ ಆಲ್ಪ್ ದ್ಯುಯೆಜ್ ಬೆಟ್ಟದಲ್ಲೇ ತೋರಿಸಬೇಕು ಅಂತ ಆಸೆ. ಅವರಿಗೆ ಮಂಡಿನೋವಿದೆ, ಜಾಸ್ತಿ ನಡೆಯಲು ಆಗುವುದಿಲ್ಲ. ಏನು ಮಾಡಲಿ?

ಉತ್ತರ 1: ಪ್ರತಿ ವರ್ಷ ರೇಸ್ ಆ ಬೆಟ್ಟಕ್ಕೆ ಹೋಗುವುದಿಲ್ಲ. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಮಾರ್ಗ ಪ್ರಕಟಿಸುತ್ತಾರೆ. ಅದನ್ನು ನೋಡಿದ ತಕ್ಷಣ ರೂಮ್ ಹಿಡಿಯಿರಿ, ಬೇಗ ತುಂಬಿಬಿಡುತ್ತವೆ. ರಸ್ತೆ ಬದಿ ನಿಲ್ಲಲು ಟಿಕೆಟ್ ಬೇಡ.

ಉತ್ತರ 2: ಏರು 13.8 ಕಿ.ಮೀ., 21 ತಿರುವು. ನಂಬರ್ ಕೆಳಗಿನಿಂದ 21, 20 ಅಂತ ಇಳಿಯುತ್ತದೆ. 7ನೇ ತಿರುವು ಡಚ್ (ನೆದರ್‌ಲ್ಯಾಂಡ್ಸ್) ಅಭಿಮಾನಿಗಳು ಸೇರುವ ಜಾಗ. ಅಲ್ಲಿ ಹಾಡು, ಕುಣಿತ, ಭಾರಿ ನೂಕುನುಗ್ಗಲು. ಅಪ್ಪನನ್ನು ಅಲ್ಲಿಗೆ ಕರೆದೊಯ್ಯಬೇಡಿ. ಬುಡದ ಊರು ಬೂರ್ ದ್ವಾಸಾನ್‌ನಲ್ಲಿ ಉಳಿಯಿರಿ. ಏರು ಶುರುವಾಗುವ ಜಾಗವೇ ತುಂಬಾ ಕಡಿದು, ಸವಾರರ ವೇಗ ಅಲ್ಲೇ ಇಳಿಯುತ್ತದೆ. ಮುಖ ಚೆನ್ನಾಗಿ ಕಾಣುತ್ತದೆ! ರಸ್ತೆ ಗಂಟೆಗಟ್ಟಲೆ ಮೊದಲೇ ಮುಚ್ಚುತ್ತಾರೆ. ಮಡಚುವ ಕುರ್ಚಿ, ಟೋಪಿ, ನೀರು ಇರಲಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ಅಷ್ಟು ಹೊತ್ತು ಅಪ್ಪನಿಗೆ ಬೇಸರ ಆಗುವುದಿಲ್ಲ ಅಲ್ವಾ?

ಉತ್ತರ 2: ಇಲ್ಲ. ಸವಾರರಿಗಿಂತ ಸುಮಾರು ಎರಡು ಗಂಟೆ ಮೊದಲು ಜಾಹೀರಾತು ಗಾಡಿಗಳ ಮೆರವಣಿಗೆ ಬರುತ್ತದೆ. ಟೋಪಿ, ತಿಂಡಿ ಎಸೆಯುತ್ತಾ ಹೋಗುತ್ತಾರೆ.